ಹಬ್ಬದ ದಿನ ಗಂಡಸರ ಉಡುಪು: ಪಂಚೆಯೂ ನಮ್ಮದೇ, ಬಣ್ಣವೂ ನಮ್ಮದೇ

ಕ್ರಿಸ್ತಜಯಂತಿಗೆ ಇನ್ನೂ ಮೂರು ನಾಲ್ಕು ವಾರ ಇರುವಾಗಲೇ ನಮ್ಮ ಮನೆಗಳಲ್ಲಿ ಬಟ್ಟೆಬರೆಯ ಮಾತು ಆರಂಭವಾಗುತ್ತದೆ. ತಾಯಿಗೆ ಯಾವ ಸೀರೆ, ಮಗಳಿಗೆ ಯಾವ ಬಣ್ಣದ ಲಂಗ, ಅಂಚು ದೊಡ್ಡದಿರಬೇಕೋ ಚಿಕ್ಕದಿರಬೇಕೋ ಎಂಬ ಚರ್ಚೆ ದಿನಗಟ್ಟಲೆ ನಡೆಯುತ್ತದೆ. ಗಂಡಸರ ಸರದಿ ಬಂದಾಗ ಮಾತ್ರ ತೀರ್ಮಾನ ಒಂದೇ ನಿಮಿಷದಲ್ಲಿ ಮುಗಿಯುತ್ತದೆ: ಒಂದು ಪ್ಯಾಂಟು, ಒಂದು ಶರಟು, ಮದುವೆಯಾದರೆ ಒಂದು ಸೂಟು. ಹೆಂಗಸರ ಉಡುಗೆ ಈ ನಾಡಿನದಾಗಿ ಉಳಿದಿರುವಾಗ ಗಂಡಸರದು ಮಾತ್ರ ಏಕೆ ಬೇರೆಯಾಯಿತು ಎಂದು ಯಾರೂ ಕೇಳುವುದಿಲ್ಲ.

ಆದರೆ ಈಚಿನ ವರ್ಷಗಳಲ್ಲಿ ಆ ಪ್ರಶ್ನೆಯನ್ನು ನಮ್ಮ ಯುವಕರೇ ಕೇಳತೊಡಗಿದ್ದಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಟ್ಟೆ ಅಂಗಡಿಗಳಲ್ಲಿ ಅರಿಸಿನ, ನೇರಳೆ, ಗಿಳಿಹಸಿರು ಬಣ್ಣದ ಜುಬ್ಬಾಗಳೂ ಅಗಲ ಅಂಚಿನ ರೇಷ್ಮೆ ಪಂಚೆಗಳೂ ಕಣ್ಣಿಗೆ ಬೀಳುತ್ತಿವೆ. ನೆರೆಮನೆಯ ಗೆಳೆಯರು ಯುಗಾದಿಗೂ ರಂಜಾನಿಗೂ ಅವನ್ನು ತೊಟ್ಟು ಬರುವುದನ್ನು ನಮ್ಮ ಮಕ್ಕಳು ನೋಡುತ್ತಾರೆ; ಕ್ರಿಸ್ಮಸ್ಸಿಗೆ ತಾವೂ ತೊಡಬೇಕೆಂದು ಆಸೆಪಡುತ್ತಾರೆ. ಆಗ ಮನೆಯ ಹಿರಿಯರಲ್ಲಿ ಒಂದು ಅಳುಕು ಹುಟ್ಟುತ್ತದೆ. ಇದು ಪೂಜೆಗೆ ಹೋಗುವವರ ಉಡುಪೇ? ನೋಡಿದವರು ಏನೆಂದುಕೊಂಡಾರು? ನಾವು ಬೇರೆಯವರಂತೆ ಕಾಣಿಸುವುದಿಲ್ಲವೆ? ನಮ್ಮ ಸೀಮೆಯಲ್ಲಿ ಕಥೋಲಿಕ ಕುಟುಂಬಗಳು ಕೆಲವೇ. ಅವೂ ಅಲ್ಲಲ್ಲಿ ಚದುರಿಕೊಂಡಿವೆ. ಸಂಖ್ಯೆ ಕಡಿಮೆ ಇರುವ ಕಡೆ ಗುರುತಿನ ಚಿಂತೆ ಹೆಚ್ಚಿರುವುದು ಸಹಜ. ಆದ್ದರಿಂದ ಈ ಅಳುಕನ್ನು ನಗೆಯಾಡಿ ತಳ್ಳಿಹಾಕದೆ ಅದಕ್ಕೆ ಉತ್ತರ ಹುಡುಕುವುದು ಒಳ್ಳೆಯದು. ಉತ್ತರ ಸಿಕ್ಕ ಮೇಲೆ, ಆರಿಸುವುದು ಹೇಗೆ, ತೊಡುವುದು ಹೇಗೆ ಎಂಬುದನ್ನೂ ನೋಡೋಣ.

ಇತಿಹಾಸ ಏನು ಹೇಳುತ್ತದೆ?

ಕ್ರೈಸ್ತನಾಗಲು ಈ ದೇಶದ ಉಡುಪನ್ನು ಬಿಡಬೇಕೆ ಎಂಬ ಪ್ರಶ್ನೆ ಹೊಸದಲ್ಲ. ನಾಲ್ಕು ನೂರು ವರ್ಷಗಳ ಹಿಂದೆಯೇ ಅದು ಧರ್ಮಸಭೆಯ ಉನ್ನತ ಪೀಠದವರೆಗೂ ಹೋಗಿತ್ತು. ಇಟಲಿಯ ಯೇಸುಸಭೆಯ ಗುರುಗಳಾದ ರಾಬರ್ಟ್ ದೆ ನೊಬಿಲಿಯವರು 1606ರಲ್ಲಿ ಮಧುರೆಗೆ ಬಂದು, ತಮ್ಮ ಕಪ್ಪು ನಿಲುವಂಗಿಯನ್ನು ತೆಗೆದಿಟ್ಟು ಈ ನಾಡಿನ ಸಂನ್ಯಾಸಿಯಂತೆ ಕಾವಿಯುಟ್ಟರು. ಅದು ಸರಿಯೇ ತಪ್ಪೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ 1623ರ ಜನವರಿ 31ರಂದು ಜಗದ್ಗುರು ಹದಿನೈದನೆಯ ಗ್ರೆಗೊರಿಯವರು, ಮೂಢನಂಬಿಕೆಗೆ ಎಡೆಗೊಡದಿದ್ದರೆ ಇಂಥ ದೇಶಾಚಾರಗಳನ್ನು ಇಟ್ಟುಕೊಳ್ಳಬಹುದೆಂದು ಅಪ್ಪಣೆ ಕೊಟ್ಟರು. 1659ರಲ್ಲಿ ರೋಮಿನ ಧರ್ಮಪ್ರಚಾರ ಪೀಠವು ಪೂರ್ವದೇಶಗಳಿಗೆ ಹೊರಟ ಧರ್ಮಪ್ರಚಾರಕರಿಗೆ ನೀಡಿದ ಸೂಚನೆಯಲ್ಲಿಯೂ ಇದೇ ಮಾತಿದೆ. ವಿಶ್ವಾಸಕ್ಕೂ ನೀತಿಗೂ ನೇರವಾಗಿ ವಿರುದ್ಧವಲ್ಲದ ಯಾವ ಆಚಾರವನ್ನೂ ಜನರಿಂದ ಬಿಡಿಸಬಾರದು, ಯೂರೋಪಿನ ರೂಢಿಗಳನ್ನು ಅವರ ಮೇಲೆ ಹೇರಬಾರದು ಎಂಬುದು ಅದರ ತಾತ್ಪರ್ಯ.

ನಮ್ಮ ಮೈಸೂರು ಸೀಮೆಗೂ ಇದೇ ದಾರಿಯಲ್ಲಿ ಸುವಾರ್ತೆ ಬಂದಿತು. 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಮಿಯವರು ಕನ್ನಡ ಕಲಿತರು, ಸಂನ್ಯಾಸಿಯ ಉಡುಪಿನಲ್ಲಿ ಸಂಚರಿಸಿದರು. 1792ರಿಂದ 1823ರವರೆಗೆ ದಕ್ಷಿಣ ಭಾರತದಲ್ಲಿದ್ದ ಫ್ರೆಂಚ್ ಗುರು ಆಬೆ ದ್ಯುಬುವಾ ಅವರನ್ನು ಕನ್ನಡದ ಜನ ದೊಡ್ಡಸ್ವಾಮಿಯವರೆಂದು ಕರೆದರು. ಅವರು ಈ ದೇಶದ ಉಡುಪನ್ನೇ ತೊಟ್ಟು, ಈ ದೇಶದ ಊಟವನ್ನೇ ಉಂಡು ಮೂರು ದಶಕ ಇಲ್ಲಿ ಬಾಳಿದರು. ದೂರದೇಶದಿಂದ ಬಂದ ಗುರುಗಳಿಗೆ ಒಗ್ಗಿದ ಉಡುಪು ಇಲ್ಲಿಯೇ ಹುಟ್ಟಿದ ನಮಗೆ ಪರಕೀಯವಾಗುವುದು ಹೇಗೆ?

ಇದಕ್ಕೆ ವಿರುದ್ಧವಾದ ಕಥೆಯೂ ಉಂಟು. 1736ರಲ್ಲಿ ಗೋವಾದ ಇನ್‌ಕ್ವಿಸಿಷನ್ ನ್ಯಾಯಪೀಠವು ಅಲ್ಲಿಯ ಕ್ರೈಸ್ತರ ಹಲವಾರು ದೇಶಾಚಾರಗಳನ್ನು ನಿಷೇಧಿಸಿ ಆಜ್ಞೆ ಹೊರಡಿಸಿತು. ಗಂಡಸರು ಪುಡ್ವೆಂ, ಎಂದರೆ ಪಂಚೆ, ಉಡಬಾರದೆಂಬುದೂ ಅದರಲ್ಲಿ ಸೇರಿತ್ತು. ಆದರೂ ಗೋವೆಯಿಂದ ಬಂದು ಕರಾವಳಿಯಲ್ಲಿ ನೆಲೆಸಿದ ಮಂಗಳೂರಿನ ಕಥೋಲಿಕರು ಪಂಚೆಯನ್ನು ಬಿಡಲಿಲ್ಲ. ಅವರ ಹಿಂದಿನ ತಲೆಮಾರಿನ ಗಂಡಸರ ಉಡುಪೆಂದರೆ ಸಣ್ಣ ಅಂಚಿನ ಪುಡ್ವೆಂ, ಅದರ ಮೇಲೆ ಕುತಾಂವ್ ಎಂಬ ಉದ್ದನೆಯ ಸಡಿಲ ಕೋಟು, ತಲೆಗೆ ಜರಿಪಟ್ಟಿಯ ಉರ್ಮಾಲು. ಕೇರಳದ ಸಿರಿಯನ್ ಕ್ರೈಸ್ತರ ಬಿಳಿಯ ಮುಂಡು ಇಂದಿಗೂ ಅವರ ಹೆಮ್ಮೆ. ಆಜ್ಞೆಯನ್ನು ಹೊರಡಿಸಿದ ಪೀಠ ಹೋಯಿತು, ಪಂಚೆ ಉಳಿಯಿತು.

ನಮ್ಮ ಕಾಲಕ್ಕೆ ಬಂದರೆ ಯಾವ ಸಂಶಯವೂ ಉಳಿಯುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯ ಬಗ್ಗೆ ಹೊರಡಿಸಿದ ಶಾಸನದಲ್ಲಿ ಜನಾಂಗಗಳ ಸಂಸ್ಕೃತಿಗೆ ಗೌರವದ ಸ್ಥಾನ ನೀಡಿತು. 1969ರ ಏಪ್ರಿಲ್ 25ರಂದು ಭಾರತದ ಧರ್ಮಸಭೆಗೆ ರೋಮಿನಿಂದ ದೊರೆತ ಹನ್ನೆರಡು ಅಂಶಗಳ ಅನುಮತಿಯಲ್ಲಿ, ಗುರುಗಳ ಪೂಜಾವಸ್ತ್ರಕ್ಕೆ ಬದಲಾಗಿ ಸರಳವಾದ ನಿಲುವಂಗಿಯನ್ನೂ ಅಂಗವಸ್ತ್ರವನ್ನೂ ಬಳಸಬಹುದೆಂಬುದು ಒಂದು. ಬಲಿಪೀಠದ ಬಳಿಯೇ ಅಂಗವಸ್ತ್ರಕ್ಕೆ ಎಡೆ ಸಿಕ್ಕ ಮೇಲೆ ಪೂಜೆಗೆ ಕುಳಿತ ಭಕ್ತನ ಹೆಗಲ ಮೇಲಿನ ಶಲ್ಯದ ಬಗ್ಗೆ ಅಳುಕೇಕೆ?

ಶಿರಾದ ನೆನಪು

ಇನ್ನು, ಈ ಉಡುಪುಗಳು ಒಂದೇ ಧರ್ಮಕ್ಕೆ ಸೇರಿದವು ಎಂಬ ಭಾವನೆಯನ್ನು ಪರೀಕ್ಷಿಸಲು ನಾವು ದೂರ ಹೋಗಬೇಕಾಗಿಲ್ಲ. ಶಿರಾಕ್ಕೆ ಹೋದರೆ ಸಾಕು. 1687ರಿಂದ 1757ರವರೆಗೆ ಶಿರಾ ಮೊಗಲರ ಒಂದು ಪ್ರಾಂತದ ರಾಜಧಾನಿಯಾಗಿತ್ತು. ಅಂಥ ಆಳ್ವಿಕೆಗಳ ಕಾಲದಲ್ಲಿ ಹೊಲಿದ ಉಡುಪಿನ ಎಷ್ಟೋ ಬಗೆಗಳು ಅವುಗಳ ಹೆಸರಿನೊಂದಿಗೇ ನಮ್ಮ ನಾಡಿನಲ್ಲಿ ನೆಲೆಯೂರಿದವು. ಜುಬ್ಬಾ ಅರಬ್ಬಿಯ ಮಾತು. ಪೈಜಾಮ, ಶಾಲು, ರುಮಾಲು ಪಾರಸಿಯ ಮಾತುಗಳು. ಕೋಟು ಇಂಗ್ಲಿಷಿನದು. ಪಂಚೆ, ಅಂಗಿಗಳು ಮೊದಲಿನಿಂದಲೂ ಇಲ್ಲಿಯವು. ಹಳೆಯ ಮೈಸೂರಿನ ಶಾಲಾ ಮೇಷ್ಟ್ರು ಕಚ್ಚೆಪಂಚೆ ಉಟ್ಟು, ಕ್ಲೋಸ್ ಕಾಲರ್ ಕೋಟು ತೊಟ್ಟು, ರುಮಾಲು ಸುತ್ತಿ ಹೊರಟಾಗ ಅವರ ಮೈಮೇಲೆ ಮೂರು ನಾಲ್ಕು ನಾಡುಗಳ ಚರಿತ್ರೆಯೇ ಇರುತ್ತಿತ್ತು. ಅದನ್ನು ಕಂಡವರು ಇದು ಯಾರ ಧರ್ಮದ ಉಡುಪೆಂದು ಕೇಳಲಿಲ್ಲ. ಅದು ಮರ್ಯಾದಸ್ಥರ ಉಡುಪಾಗಿತ್ತು.

ಪಾವಗಡದಲ್ಲಿ ಇದು ಇನ್ನೂ ಸ್ಪಷ್ಟ. ಬಹುಪಾಲು ಸುತ್ತಲೂ ಆಂಧ್ರದ ಗಡಿಯಿರುವ ಆ ತಾಲ್ಲೂಕಿನಲ್ಲಿ ಮನೆಯೊಳಗೆ ತೆಲುಗು, ಮನೆಯ ಹೊರಗೆ ಕನ್ನಡ ಆಡುವವರು ಬಹಳ. ಭಾಷೆ ಯಾವುದಾದರೂ ಅವರಿಗೆ ಪಂಚೆ ಪಂಚೆಯೇ. ಗಡಿಯಾಚೆಯ ಧರ್ಮಾವರದ ಮಗ್ಗಗಳೂ ಗಡಿಯೀಚೆಯ ವೈ.ಎನ್.ಹೊಸಕೋಟೆಯ ಮಗ್ಗಗಳೂ ರೇಷ್ಮೆಗೆ ಹೆಸರಾದವು. ಆ ಮಗ್ಗದ ಮುಂದೆ ಕುಳಿತ ನೇಕಾರ ಸೀರೆ ಯಾವ ಮನೆಗೆ ಹೋಗುತ್ತದೆಂದು ಕೇಳಿ ನೇಯುವುದಿಲ್ಲ.

ಬಣ್ಣದ ಮಾತು

ಪಂಚೆಗೆ ಒಪ್ಪಿದ ಹಿರಿಯರು ಕೂಡ ಬಣ್ಣದ ಬಳಿ ಬಂದು ನಿಲ್ಲುತ್ತಾರೆ. ಗಂಡಸಿಗೆ ಬಿಳಿಯೇ ಭೂಷಣವೆಂಬುದು ಹಳೆಯ ಅಭಿಪ್ರಾಯ. ಅದರ ಜೊತೆಗೆ ಈಗ ಇನ್ನೊಂದು ಭಯವೂ ಸೇರಿದೆ: ಕೇಸರಿ ಉಟ್ಟರೆ ಒಂದು ಪಕ್ಷ, ಹಸಿರು ತೊಟ್ಟರೆ ಇನ್ನೊಂದು ಎಂಬ ಭಯ. 2022ರ ಆರಂಭದಲ್ಲಿ ನಮ್ಮ ರಾಜ್ಯದ ಕಾಲೇಜುಗಳಲ್ಲಿ ಉಡುಪೇ ವಿವಾದವಾಗಿ, ಶಲ್ಯದ ಬಣ್ಣವೂ ಗುಂಪುಗಳ ಗುರುತಾದುದನ್ನು ನಾವೆಲ್ಲರೂ ನೋಡಿದ್ದೇವೆ. ಆದರೆ ಬಣ್ಣಗಳು ಯಾರೊಬ್ಬರ ಸ್ವತ್ತೂ ಅಲ್ಲ. ಕಾವಿಯೊಂದನ್ನೇ ನೋಡೋಣ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಸೀರೆಯುಟ್ಟು ನಿಂತಿರುವ ಮಾತೆಯ ದರ್ಶನಕ್ಕೆ, ಸೆಪ್ಟೆಂಬರ್ 8ರ ಹಬ್ಬದ ನೊವೇನಾ ದಿನಗಳಲ್ಲಿ, ಹರಕೆ ಹೊತ್ತವರು ಕಾವಿ ಬಣ್ಣದ ಬಟ್ಟೆಯುಟ್ಟು ಬರುತ್ತಾರೆ. ಹಸಿರಂತೂ ಪೂಜಾವರ್ಷದ ಸಾಧಾರಣ ಕಾಲದ ಬಣ್ಣ. ವರ್ಷದಲ್ಲಿ ಅತಿ ಹೆಚ್ಚು ಭಾನುವಾರಗಳಲ್ಲಿ ನಾವು ಬಲಿಪೀಠದಲ್ಲಿ ನೋಡುವುದು ಅದನ್ನೇ.

ನಿಜವಾಗಿ, ಬಣ್ಣಕ್ಕೆ ಅರ್ಥ ಕೊಟ್ಟು ವರ್ಷವಿಡೀ ಅದನ್ನು ಪಾಲಿಸುವವರು ನಾವೇ. ಕ್ರಿಸ್ತಜಯಂತಿಗೂ ಪಾಸ್ಕಕ್ಕೂ ಬಿಳಿ, ಗರಿಗಳ ಭಾನುವಾರಕ್ಕೂ ಪವಿತ್ರಾತ್ಮರ ಹಬ್ಬಕ್ಕೂ ರಕ್ತಸಾಕ್ಷಿಗಳ ದಿನಗಳಿಗೂ ಕೆಂಪು, ಆಗಮನಕಾಲಕ್ಕೂ ತಪಸ್ಸುಕಾಲಕ್ಕೂ ನೇರಳೆ. ಆ ಎರಡು ಕಾಲಗಳ ನಡುವೆ ಒಂದೊಂದು ಭಾನುವಾರ, ಸಂತೋಷದ ಸೂಚನೆಯಾಗಿ, ಗುಲಾಬಿಯನ್ನೂ ಬಳಸಬಹುದು. ಈ ನಿಯಮ ಗುರುಗಳ ಪೂಜಾವಸ್ತ್ರಕ್ಕೆ ಸಂಬಂಧಿಸಿದ್ದು. ಭಕ್ತರ ಬಟ್ಟೆಗೆ ಇಂಥ ನಿಯಮವೇನೂ ಇಲ್ಲ. ಆದರೆ ಯಾವ ಬಣ್ಣ ಕೊಳ್ಳಬೇಕೆಂದು ಅಂಗಡಿಯಲ್ಲಿ ತಬ್ಬಿಬ್ಬಾಗುವವರಿಗೆ ಇದಕ್ಕಿಂತ ಚೆಂದದ ಕೈಮರ ಯಾವುದಿದೆ?

ಕ್ರಿಸ್ತಜಯಂತಿಯ ರಾತ್ರಿಯ ಪೂಜೆಗೆ ಹಾಲುಬಿಳಿ ಅಥವಾ ಕೆನೆಬಣ್ಣದ ಪಂಚೆ, ಅದರ ಅಂಚಿನಲ್ಲಿ ಹೊನ್ನಿನ ಜರಿ, ಮೇಲೆ ಕಡುಗೆಂಪು ಅಥವಾ ಎಲೆಹಸಿರಿನ ಜುಬ್ಬಾ ಹಬ್ಬದ ಕಳೆಯನ್ನು ಹೆಚ್ಚಿಸುತ್ತದೆ. ಪಾಸ್ಕಕ್ಕೆ ಬಿಳಿ, ತಿಳಿಹಳದಿ, ಆಕಾಶನೀಲಿಯಂಥ ಹಗುರ ಬಣ್ಣಗಳು ಚೆನ್ನ. ಮಾತೆಯ ಹಬ್ಬದ ತೇರಿನ ಮೆರವಣಿಗೆಗೆ ನೀಲಿ ಒಪ್ಪುತ್ತದೆ. ಮದುವೆಗೆ ಮನಸ್ಸಿಗೆ ಬಂದ ಬಣ್ಣ ಆರಿಸಬಹುದು. ಮದುವಣಗಿತ್ತಿಯ ಸೀರೆಯ ಅಂಚಿನ ಬಣ್ಣವನ್ನು ಮದುವಣಿಗನ ಶಲ್ಯದಲ್ಲಿ ತಂದರೆ ಇಬ್ಬರೂ ಒಂದೇ ಬಟ್ಟೆಯನ್ನು ಕತ್ತರಿಸಿ ಹಂಚಿಕೊಂಡಂತೆ ಕಾಣದೆಯೂ ಜೋಡಿಯಾಗಿ ಕಾಣುತ್ತಾರೆ.

ಮೈಬಣ್ಣ ಕಪ್ಪೆಂದು ಬಣ್ಣದ ಬಟ್ಟೆಗೆ ಹಿಂಜರಿಯುವವರಿಗೆ ಒಂದು ಮಾತು. ಬಿಸಿಲುಂಡ ನಮ್ಮ ಬಯಲುಸೀಮೆಯ ಮೈಬಣ್ಣಕ್ಕೆ ಅರಿಸಿನ, ಇಟ್ಟಿಗೆಗೆಂಪು, ನವಿಲುನೀಲಿ, ಗಾಢ ಹಸಿರು ಬಣ್ಣಗಳು ಒಪ್ಪುವಷ್ಟು ಬೇರೆಯವರಿಗೆ ಒಪ್ಪಲಾರವು. ಮಾಸಿದಂತಿರುವ ಬೂದು, ಮಬ್ಬು ಕಂದುಗಳೇ ಮುಖದ ಕಳೆಯನ್ನು ಕುಂದಿಸುತ್ತವೆ. ಒಂದು ಸೂತ್ರವನ್ನು ಮಾತ್ರ ಮರೆಯಬಾರದು: ಒಂದು ಬಟ್ಟೆ ಮಾತಾಡುವಾಗ ಉಳಿದವು ಸುಮ್ಮನಿರಬೇಕು. ಜುಬ್ಬಾ ಗಾಢವಾಗಿದ್ದರೆ ಪಂಚೆ ತಿಳಿಯಾಗಿರಲಿ. ಪಂಚೆಯ ಅಂಚು ಅಗಲವಾಗಿದ್ದರೆ ಜುಬ್ಬಾದ ಮೇಲೆ ಕಸೂತಿ ಬೇಡ. ಶಲ್ಯಕ್ಕೆ ಜರಿಯಿದ್ದರೆ ಗುಂಡಿಗಳು ಸಾದಾ ಇರಲಿ. ಎಲ್ಲವೂ ಒಟ್ಟಿಗೆ ಮಿನುಗಿದರೆ ನೋಡುವವರ ಕಣ್ಣಿಗೆ ಬಟ್ಟೆ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ಕೊಳ್ಳುವಾಗ ಗಮನಿಸಬೇಕಾದುದು

ಪಂಚೆಯನ್ನು ನಾವು ಮೊಳದ ಲೆಕ್ಕದಲ್ಲಿ ಕೇಳುತ್ತೇವೆ. ನಾಲ್ಕು ಮೊಳದ ಒಂಟಿ ಪಂಚೆ ಸುಮಾರು ಎರಡು ಗಜ. ಸುತ್ತಿ ಉಡಲು ಸಾಕು. ಕಚ್ಚೆ ಹಾಕಬೇಕಾದರೆ ಎಂಟು ಮೊಳದ, ಎಂದರೆ ಸುಮಾರು ನಾಲ್ಕು ಗಜದ, ಪಂಚೆಯೇ ಬೇಕು. ಎತ್ತರದವರೂ ಸ್ಥೂಲಕಾಯರೂ ಅಗಲವನ್ನು ಸಹ ಅಳೆದು ನೋಡಬೇಕು. ಇಲ್ಲವಾದರೆ ಪಂಚೆ ಹಿಮ್ಮಡಿಯ ಮೇಲೆಯೇ ನಿಂತುಬಿಡುತ್ತದೆ.

ರೇಷ್ಮೆಯೆಂದು ಹೇಳಿ ಮಾರುವುದೆಲ್ಲ ರೇಷ್ಮೆಯಾಗಿರುವುದಿಲ್ಲ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಸಿಲ್ಕ್ ಮಾರ್ಕ್ ಎಂಬ ಚೀಟಿ ಜಾರಿಯಲ್ಲಿದೆ. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಬೆಲೆ ಹೆಚ್ಚಿನದಾದರೆ ಈ ಗುರುತನ್ನು ಕೇಳಿ ನೋಡಬೇಕು. ಗುರುತಿಲ್ಲದ ಕಡೆ ಹಳೆಯ ಪರೀಕ್ಷೆಯೊಂದಿದೆ. ಅಂಚಿನ ಎಳೆಯೊಂದನ್ನು ಕಿತ್ತು ಸುಟ್ಟರೆ, ಅಪ್ಪಟ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದ ಸುಟ್ಟಂತೆ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಜರಿಯಲ್ಲಿಯೂ ವ್ಯತ್ಯಾಸವಿದೆ: ಅಸಲಿ ಜರಿಯಲ್ಲಿ ರೇಷ್ಮೆಯೆಳೆಗೆ ಬೆಳ್ಳಿಯ ತಂತಿ ಸುತ್ತಿ ಅದಕ್ಕೆ ಚಿನ್ನದ ಲೇಪ ಕೊಟ್ಟಿರುತ್ತಾರೆ, ಅಗ್ಗದ್ದರಲ್ಲಿ ತಾಮ್ರ ಅಥವಾ ಪ್ಲಾಸ್ಟಿಕ್ಕಿನ ಎಳೆ ಇರುತ್ತದೆ. ಅಗ್ಗದ ಜರಿಯನ್ನು ಕೊಳ್ಳುವುದು ತಪ್ಪಲ್ಲ. ಅಸಲಿಯ ಬೆಲೆ ಕೊಟ್ಟು ಅದನ್ನು ಕೊಳ್ಳುವುದು ನಷ್ಟ.

ಎಲ್ಲರೂ ರೇಷ್ಮೆಗೇ ಕೈಹಾಕಬೇಕೆಂದಿಲ್ಲ. ನಮ್ಮ ಸೀಮೆಯ ಹವೆಯನ್ನು ನೆನೆಯಬೇಕು. ಪಾವಗಡದ ಬಿಸಿಲನ್ನು ನಂಬಿಯೇ ತಿರುಮಣಿಯ ಬಳಿ 2,050 ಮೆಗಾವಾಟ್‌ಗಳ ಸೌರ ವಿದ್ಯುತ್ ಉದ್ಯಾನ ಎದ್ದಿದೆ. ಆ ಬಿಸಿಲಿನಲ್ಲಿ, ಏಪ್ರಿಲ್ ಮೇ ತಿಂಗಳ ಮದುವೆಯಲ್ಲಿ, ಮದುವಣಿಗನೊಬ್ಬ ಅಸ್ತರು ಕೊಟ್ಟ ಕೋಟು, ಬಿಗಿದ ಟೈಯೊಳಗೆ ಬೆವರಿಳಿಸುತ್ತ ನಿಲ್ಲುವುದು ಯಾರ ಸಂತೋಷಕ್ಕೆ? ಹತ್ತಿಯ ಇಲ್ಲವೆ ಖಾದಿಯ ಜುಬ್ಬಾ, ತೆಳುವಾದ ಪಂಚೆ ಅಂಥ ಕಾಲಕ್ಕೆ ದೇವರು ಕೊಟ್ಟ ವರ. ಡಿಸೆಂಬರಿನ ರಾತ್ರಿಯ ಪೂಜೆಗೆ ಮಧುಗಿರಿಯ ಬೆಟ್ಟದ ಕಡೆಯಿಂದ ಬೀಸುವ ಚಳಿಗಾಳಿಯಲ್ಲಿ ದಪ್ಪ ಖಾದಿಯ ಅಥವಾ ರೇಷ್ಮೆಯ ಜುಬ್ಬಾದ ಮೇಲೊಂದು ತೋಳಿಲ್ಲದ ನೆಹರೂ ಕೋಟು ಬೆಚ್ಚಗಿರುತ್ತದೆ. ಹಿರಿಯರ ಹೆಗಲಿಗೆ ಉಣ್ಣೆಯ ಶಾಲು ಇರಲಿ. ಕುರಿ ಸಾಕಣೆ, ಕಂಬಳಿ ನೇಯ್ಗೆಗಳಿಗೆ ಹೆಸರಾದ ನಾಡು ನಮ್ಮದು ಎಂಬುದನ್ನು ಮರೆಯದಿರೋಣ.

ಜುಬ್ಬಾದ ಬಟ್ಟೆ ಹತ್ತಿಯದೋ ಖಾದಿಯದೋ ಆದರೆ ದರ್ಜಿಗೆ ಕೊಡುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಹೊಲಿದ ಮೇಲೆ ಕುಗ್ಗಿದರೆ ಮೊದಲ ಹಬ್ಬಕ್ಕೇ ಅದು ತಮ್ಮನ ಪಾಲಾಗುತ್ತದೆ. ಜುಬ್ಬಾದ ಉದ್ದ ಮೊಣಕಾಲಿಗೆ ತುಸು ಮೇಲೆ ನಿಂತರೆ ಪಂಚೆಗೆ ಅಂದ. ಪೈಜಾಮಕ್ಕಾದರೆ ಮೊಣಕಾಲನ್ನು ದಾಟಬಹುದು. ಹೆಗಲಿನ ಹೊಲಿಗೆ ಹೆಗಲ ಮೂಳೆಯ ಮೇಲೆಯೇ ಕೂರಬೇಕು. ಮೈಗೆ ಅಂಟಿಕೊಳ್ಳುವಂತೆ ಹೊಲಿಸುವುದು ಈಗಿನ ಚಾಳಿ. ಆದರೆ ಪೂಜೆಯಲ್ಲಿ ಮೊಣಕಾಲೂರುವವರಿಗೂ ಎದ್ದು ಕೂರುವವರಿಗೂ ಸಡಿಲವೇ ಹಿತ. ಬೆಳೆಯುವ ಹುಡುಗರ ಜುಬ್ಬಾಕ್ಕೆ ಒಳಗೆ ಎರಡು ಬೆರಳು ಬಟ್ಟೆ ಬಿಡಿಸಿದರೆ ಮುಂದಿನ ವರ್ಷಕ್ಕೂ ಒದಗುತ್ತದೆ.

ಉಡುವಾಗ, ತೆಗೆದಿಡುವಾಗ

ಪ್ಯಾಂಟಿಗೆ ಒಗ್ಗಿದ ಕಾಲುಗಳಿಗೆ ಪಂಚೆ ಮೊದಮೊದಲು ತೊಡರುವುದುಂಟು. ಹಬ್ಬದ ದಿನವೇ ಮೊದಲ ಬಾರಿ ಉಡುವ ಸಾಹಸ ಬೇಡ. ನಾಲ್ಕು ದಿನ ಮುಂಚೆ ಮನೆಯಲ್ಲಿ ಉಟ್ಟು, ಮೆಟ್ಟಿಲು ಹತ್ತಿ ಇಳಿದು, ಮೊಣಕಾಲೂರಿ ನೋಡಬೇಕು. ಜಾರುವ ರೇಷ್ಮೆಯ ಮೇಲೆ ತೆಳುವಾದ ಸೊಂಟಪಟ್ಟಿ ಬಿಗಿದರೆ ಚಿಂತೆಯಿಲ್ಲ. ಜುಬ್ಬಾ ಅದನ್ನು ಮುಚ್ಚುತ್ತದೆ. ಕಚ್ಚೆ ಹಾಕುವುದನ್ನು ಬಲ್ಲ ಅಜ್ಜನೋ ದೊಡ್ಡಪ್ಪನೋ ಮನೆಯಲ್ಲಿದ್ದರೆ ಅವರ ಕೈಯಲ್ಲೇ ಕಲಿಯುವುದು ಒಳ್ಳೆಯದು. ಆ ಹತ್ತು ನಿಮಿಷ ಹಿರಿಯರಿಗೂ ಹಬ್ಬವೇ. ಕಲಿಸುವವರಿಲ್ಲದ ಕಡೆ ಕಚ್ಚೆಯನ್ನು ಹೊಲಿದೇ ಸಿದ್ಧಪಡಿಸಿದ ಪಂಚೆಗಳೂ ದೊರೆಯುತ್ತವೆ.

ಪೇಟದ ವಿಷಯದಲ್ಲಿ ಒಂದು ಎಚ್ಚರ. ಗಂಡಸರು ತಲೆಯ ಮೇಲೆ ಹೊದಿಕೆಯಿಲ್ಲದೆ ಪ್ರಾರ್ಥಿಸುವುದು ಸಂತ ಪೌಲರು ಕೊರಿಂಥದವರಿಗೆ ಬರೆದ ಕಾಲದಿಂದಲೂ ನಮ್ಮಲ್ಲಿ ಬಂದ ರೂಢಿ. ಮದುವಣಿಗನು ಮೈಸೂರು ಪೇಟ ಧರಿಸಿ ಮೆರವಣಿಗೆಯಲ್ಲಿ ಬರಲಿ. ದೇವಾಲಯದ ಬಾಗಿಲಲ್ಲಿ ಅದನ್ನು ತೆಗೆದು, ಪೂಜೆ ಮುಗಿದ ಮೇಲೆ ಆರತಕ್ಷತೆಗೆ ಮತ್ತೆ ಧರಿಸಲಿ. ಹಾಗೆಯೇ ಮಾರುಕಟ್ಟೆಯ ಕೆಲವು ಶಲ್ಯ, ಜುಬ್ಬಾಗಳ ಮೇಲೆ ದೇವನಾಮಗಳನ್ನೂ ಚಿಹ್ನೆಗಳನ್ನೂ ಅಚ್ಚು ಹಾಕಿರುತ್ತಾರೆ. ನೆರೆಯವರಿಗೆ ಪೂಜ್ಯವಾದುದನ್ನು ಅಂದಕ್ಕಾಗಿ ತೊಡುವುದು ಅವರ ಭಕ್ತಿಗೂ ಗೌರವವಲ್ಲ, ನಮ್ಮ ವಿಶ್ವಾಸಕ್ಕೂ ಒಪ್ಪುವುದಿಲ್ಲ. ಹೂಬಳ್ಳಿ, ಮಾವಿನಕಾಯಿ, ಗೋಪುರದಂಚು, ಚೌಕುಳಿ ಇವು ಎಲ್ಲರಿಗೂ ಸೇರಿದವು.

ಹಬ್ಬ ಮುಗಿದ ಮೇಲೆ ಬಟ್ಟೆಯ ಆರೈಕೆ ಮುಖ್ಯ. ಗಾಢ ಬಣ್ಣದ ಹತ್ತಿಯ ಬಟ್ಟೆಯನ್ನು ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆದು, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಬೇಕು. ರೇಷ್ಮೆಯನ್ನು ಬೆವರು ಆರುವವರೆಗೆ ಗಾಳಿಗೆ ಹರಡಿ, ಹಳೆಯ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು. ಪ್ಲಾಸ್ಟಿಕ್ ಚೀಲ ಬೇಡ. ಜರಿಗೆ ಸುಗಂಧದ್ರವ್ಯವಾಗಲಿ ನುಸಿಗುಳಿಗೆಯಾಗಲಿ ತಾಗಬಾರದು; ಕಪ್ಪಾಗುತ್ತದೆ. ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿದರೆ ಮಡಿಕೆಯ ಗೆರೆಯಲ್ಲಿ ಹರಿಯುವುದಿಲ್ಲ. ಹೀಗೆ ಕಾಪಾಡಿದ ಪಂಚೆ ಅಪ್ಪನ ಮದುವೆಯಿಂದ ಮಗನ ಮದುವೆಯವರೆಗೂ ಬಾಳುತ್ತದೆ.

ಬಹುವರ್ಣದ ಅಂಗಿಯ ಪಾಠ

ಇಷ್ಟು ಹೇಳಿದ ಮೇಲೆ ನಾವು ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ದೇಶೀಯ ಉಡುಪೆಂದ ಮಾತ್ರಕ್ಕೆ ಅದು ಸರಳವಾಗಿಬಿಡುವುದಿಲ್ಲ. ಸಿನಿಮಾ ಮದುವೆಗಳನ್ನು ನೋಡಿ ಮಣಿ ಮುತ್ತು ಹೊಲಿದ ಶೇರ್ವಾನಿಗೆ ಸಾಲ ಮಾಡುವುದಕ್ಕೂ ಒಂದೇ ದಿನ ತೊಡುವ ಸೂಟಿಗೆ ಸಾಲ ಮಾಡುವುದಕ್ಕೂ ಭೇದವಿಲ್ಲ. ಮನೆಮಂದಿಗೆಲ್ಲ ಒಂದೇ ಬಣ್ಣದ ಬಟ್ಟೆ ಹೊಲಿಸುವ ಹೊಸ ಪದ್ಧತಿ ನೋಡಲು ಸೊಗಸು. ಆದರೆ ದಾಯಾದಿಗಳಲ್ಲಿ ಬಡವನಾದವನು ಅದರ ಖರ್ಚಿಗೆ ಹೆದರಿ ಮದುವೆಗೇ ಬಾರದಿದ್ದರೆ ಆ ಸೊಗಸಿನಿಂದ ಏನು ಫಲ?

ಪವಿತ್ರ ಗ್ರಂಥ ಬಟ್ಟೆಯನ್ನು ತುಚ್ಛವಾಗಿ ಕಾಣುವುದಿಲ್ಲ. ಮದುವೆಯ ಔತಣಕ್ಕೆ ತಕ್ಕ ಉಡುಪಿಲ್ಲದೆ ಬಂದವನನ್ನು ರಾಜನು ಪ್ರಶ್ನಿಸಿದ ಸಾಮತಿಯನ್ನು ಪ್ರಭುವೇ ಹೇಳಿದ್ದಾರೆ. ಹೊಲದ ಲಿಲ್ಲಿಹೂಗಳಿಗೆ ತಂದೆಯಾದ ದೇವರು ಉಡಿಸಿದ ಬಣ್ಣವನ್ನು ಅವರೇ ಕೊಂಡಾಡಿದ್ದಾರೆ. ಆದರೆ ಬಟ್ಟೆಯಿಂದ ಆಗುವ ಕೇಡನ್ನೂ ಅದೇ ಗ್ರಂಥ ತೋರಿಸುತ್ತದೆ. ಯಕೋಬನು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಬಹುವರ್ಣದ ನಿಲುವಂಗಿ ಹೊಲಿಸಿಕೊಟ್ಟನು. ಅದರ ಅಸೂಯೆಯಿಂದ ಅಣ್ಣಂದಿರು ಯೋಸೇಫನನ್ನು ಗುಂಡಿಗೆ ತಳ್ಳಿ, ಕೊನೆಗೆ ಮಾರಿಬಿಟ್ಟರು. ತಂದೆಯ ಕೈಗೆ ಹಿಂತಿರುಗಿ ಬಂದದ್ದು ರಕ್ತದಲ್ಲಿ ಅದ್ದಿದ ಅದೇ ಅಂಗಿ. ತಪ್ಪು ಬಣ್ಣದ್ದಾಗಿರಲಿಲ್ಲ, ಒಬ್ಬನಿಗೆ ಕೊಟ್ಟು ಉಳಿದವರಿಗೆ ಕೊಡದಿದ್ದುದರಲ್ಲಿತ್ತು. ಸಭೆಗೆ ಬಂದ ಹೊನ್ನುಂಗುರದವನಿಗೆ ಒಳ್ಳೆಯ ಆಸನ ಕೊಟ್ಟು ಹರಕುಬಟ್ಟೆಯವನನ್ನು ಕಾಲಬಳಿ ಕೂರಿಸುವವರನ್ನು ಸಂತ ಯಕೋಬರ ಪತ್ರವೂ ಕಟುವಾಗಿಯೇ ಖಂಡಿಸುತ್ತದೆ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಹಬ್ಬಕ್ಕೆ ಬಣ್ಣದ ಜುಬ್ಬಾ ಬೇಕೆಂದು ಮಗ ಕೇಳಿದರೆ ಸಂತೋಷದಿಂದ ಕೊಡಿಸೋಣ. ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಈ ಬಟ್ಟೆಯನ್ನು ವರ್ಷದಲ್ಲಿ ಇನ್ನೂ ನಾಲ್ಕು ಸಲ ತೊಡಬಹುದೆ? ತೊಡಬಹುದಾದರೆ ಅದು ಉಡುಪು, ಇಲ್ಲವಾದರೆ ಅದು ಪ್ರದರ್ಶನ. ಸಾಧ್ಯವಾದವರು ಮಗ್ಗದ ಬಟ್ಟೆ ಕೊಳ್ಳೋಣ. ನಮ್ಮ ಹಬ್ಬದ ದೀಪ ನೇಕಾರನ ಮನೆಯ ಒಲೆಯನ್ನೂ ಉರಿಸಲಿ. ಸೂಟು ಈಗಾಗಲೇ ಇರುವವರು ಅದನ್ನೇ ತೊಡಲಿ. ಇರುವ ಬಟ್ಟೆಯನ್ನು ಬದಿಗಿಟ್ಟು ಹೊಸದನ್ನು ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಪಂಚೆಯವರು ಸೂಟಿನವರನ್ನೂ ಸೂಟಿನವರು ಪಂಚೆಯವರನ್ನೂ ಹಗುರವಾಗಿ ನೋಡದಿರಲಿ.

ಮತ್ತೊಂದು ಮಾತು. ನಮ್ಮ ಮಗನಿಗೆ ಬಟ್ಟೆ ಅಳೆಸುವಾಗ, ಈ ವರ್ಷ ಹೊಸಬಟ್ಟೆ ಕಾಣಲಾರದ ಇನ್ನೊಬ್ಬ ಹುಡುಗನಿಗೂ ಅದೇ ಥಾನಿನಿಂದ ಜುಬ್ಬಾದ ಬಟ್ಟೆ ಅಳೆಸೋಣ. ಕೊಡುವಾಗ ಹೆಸರು ಹೇಳದೆ, ಹಬ್ಬಕ್ಕೆ ಮುಂಚೆಯೇ, ಆ ಮನೆಯವರ ಕೈಗೆ ಕೊಡೋಣ. ಹೊಲಿಸಲು ಅವರಿಗೂ ಸಮಯ ಬೇಕಲ್ಲವೆ. ಗೋದಲಿಯ ಮುಂದೆ ಆ ರಾತ್ರಿ ನಿಲ್ಲುವ ಮಕ್ಕಳ ಸಾಲಿನಲ್ಲಿ ಕೆಂಪು, ಹಸಿರು, ಹಳದಿ, ನೀಲಿ ಎಲ್ಲವೂ ಇರಲಿ. ಬಟ್ಟೆಯ ಚೂರಿನಲ್ಲಿ ಸುತ್ತಿ ಮಲಗಿಸಿದ ಬಾಲಯೇಸುವಿನ ಎದುರು ಯಾರ ಮಗುವೂ ತನ್ನ ಅಂಗಿಯನ್ನು ನೋಡಿಕೊಂಡು ಹಿಂದೆ ಸರಿಯದಿರಲಿ.